ಗೃಹಲಕ್ಷ್ಮಿಯ ಎರಡು ಸಾವಿರದಿಂದ ಬಡವರ ಮನೆಯಲ್ಲಿ ನಿಜಕ್ಕೂ ಏನು ಬದಲಾಗಿದೆ?

ಪ್ರಶ್ನೆ: ಪಂಚಾಯಿತಿ ಗ್ರಂಥಪಾಲಕಿ, ಯಲಬುರ್ಗಾ ತಾಲ್ಲೂಕು

ಕೊಪ್ಪಳ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ನಾನು ಮೇಲ್ವಿಚಾರಕಿ. ಬೆಳಿಗ್ಗೆ ಪತ್ರಿಕೆ ಓದಲು ಬರುವ ಹತ್ತು ಹನ್ನೆರಡು ಮಂದಿಯ ನಡುವೆ ವಾರಕ್ಕೊಮ್ಮೆಯಾದರೂ ಒಂದೇ ಜಗಳ ಏಳುತ್ತದೆ, ಮತ್ತು ನಾನು ಬಾಗಿಲು ಹಾಕುವ ಹೊತ್ತಾಯಿತೆಂದು ಹೇಳುವವರೆಗೂ ಅದು ಮುಗಿಯುವುದಿಲ್ಲ. ಗೃಹಲಕ್ಷ್ಮಿ ಬಂದ ಮೇಲೆ ಹೆಣ್ಣಾಳು ಹೊಲಕ್ಕೆ ಬರುವುದನ್ನೇ ಬಿಟ್ಟಿವೆ ಎಂದು ಒಬ್ಬರು ಹೇಳಿದರೆ, ಹೆಂಡತಿಯ ಖಾತೆಗೆ ಬಂದ ಹಣ ಸಂಜೆಯೊಳಗೆ ಗಂಡನ ಬಾಟಲಿಗೆ ಹೋಗುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಎಲ್ಲರ ಕೈಯಲ್ಲೂ ದುಡ್ಡು ಆಡುತ್ತಿರುವುದರಿಂದಲೇ ಸಂತೆಯಲ್ಲಿ ಬೆಲೆ ಏರಿತು ಎಂಬುದು ಮೂರನೆಯವರ ಸಿದ್ಧಾಂತ. ಈ ಮೂವರೂ ಗಂಡಸರು. ಯಾರ ಖಾತೆಗೆ ಹಣ ಬರುತ್ತದೋ ಅವರು ಆ ಹೊತ್ತಿಗೆ ಹೊಲದಲ್ಲೋ ಒಲೆಯ ಮುಂದೋ ಇರುತ್ತಾರೆ.

ಯೋಜನೆಯ ಹೊರರೂಪ ಎಲ್ಲರಿಗೂ ತಿಳಿದದ್ದೇ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಇದು, ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ನಮೂದಾಗಿರುವ ಮಹಿಳೆಗೆ ತಿಂಗಳಿಗೆ ₹2,000 ಕೊಡುತ್ತದೆ. ಆಕೆಯಾಗಲಿ ಆಕೆಯ ಪತಿಯಾಗಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಸಲ್ಲಿಸುವವರಾಗಿರಬಾರದು ಎಂಬುದೇ ಮುಖ್ಯ ನಿಬಂಧನೆ. ಸುಮಾರು 1.2 ಕೋಟಿ ಮನೆಗಳನ್ನು ಮುಟ್ಟುವ ಹಣವಿದು. ನನ್ನ ತೊಡಕಿರುವುದು ಬೇರೆ ಕಡೆ. ಅದೇ ವರ್ಷ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತವಾಯಿತು. ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು ತಲಾ ₹170 ಬರತೊಡಗಿತು. ಮತ್ತು ಅದೇ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಹೀಗೆ ನಾಲ್ಕು ಎಳೆ ಒಂದೇ ಹಗ್ಗಕ್ಕೆ ಹೊಸೆದುಕೊಂಡಿರುವಾಗ, ನೇರವಾಗಿ ಕೈಗೆ ಬಂದ ನಗದಿನಿಂದಲೇ ಕೂಲಿ ಮಾಡಿ ಬದುಕುವ ಕುಟುಂಬದಲ್ಲಿ ಆದ ಬದಲಾವಣೆ ಯಾವುದೆಂದು ಹೇಗೆ ಬೇರ್ಪಡಿಸುವುದು? ಬಲ್ಲವರು, ಅದರಲ್ಲೂ ಕಣ್ಣಾರೆ ಕಂಡವರು, ದಯವಿಟ್ಟು ವಿವರವಾಗಿ ಬರೆಯಬೇಕು. ಯಾವ ಪಕ್ಷಕ್ಕೆ ಇದರಿಂದ ಲಾಭವಾಯಿತು ಎಂಬ ಚರ್ಚೆ ನನಗೆ ಗ್ರಂಥಾಲಯದಲ್ಲೇ ಬೇಕಾದಷ್ಟು ಸಿಗುತ್ತದೆ.

ಉತ್ತರ: ಸಂಘದ ಲೆಕ್ಕ ಬರೆಯುವವಳು, ಹಾನಗಲ್ ತಾಲ್ಲೂಕು

ನಮ್ಮೂರಿನ ಎರಡು ಸ್ವಸಹಾಯ ಸಂಘಗಳ ಲೆಕ್ಕದ ಪುಸ್ತಕವನ್ನು ನಾನು ಹನ್ನೊಂದು ವರ್ಷಗಳಿಂದ ಬರೆಯುತ್ತಿದ್ದೇನೆ. ನನ್ನದು ಪುಸ್ತಕದಲ್ಲಿ ಕಂಡದ್ದು, ಓದಿ ತಿಳಿದದ್ದಲ್ಲ. ಎರಡು ಸಂಘದ ಮೂವತ್ತೈದು ಮನೆಗಳಿಗೆ ಮಾತ್ರ ಅನ್ವಯಿಸುವ ಮಾತು ಎಂದು ತಿಳಿದು ಓದಿ.

ನಾನು ಮೊದಲು ಗಮನಿಸಿದ್ದು ಹಣದ ಮೊತ್ತವನ್ನಲ್ಲ, ಅದು ಬರುವ ದಿನವನ್ನು. ಪ್ರಾರಂಭದ ತಿಂಗಳುಗಳಲ್ಲಿ ಕಂತು ಸರಿಯಾಗಿ ಬಿದ್ದ ಮನೆಗಳಲ್ಲಿ ಕಿರಾಣಿ ಅಂಗಡಿಯ ಉದ್ರಿ ಇಳಿಯಿತು. ಎಣ್ಣೆ, ಬೇಳೆ, ಸಕ್ಕರೆ, ಚಹಾಪುಡಿಗೆ ತಿಂಗಳಿಡೀ ಬರೆಸಿ ಹಬ್ಬಕ್ಕೋ ಸುಗ್ಗಿಗೋ ತೀರಿಸುತ್ತಿದ್ದವರು ತಿಂಗಳ ಬಾಕಿಯನ್ನು ತಿಂಗಳಲ್ಲೇ ಕೊಡತೊಡಗಿದರು. ಉದ್ರಿಯವರಿಗೆ ಅಂಗಡಿಯಲ್ಲಿ ಒಂದು ದರ, ನಗದು ಕೊಡುವವರಿಗೆ ಇನ್ನೊಂದು ದರ ಎಂಬುದು ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಾದ ವಿಷಯವಲ್ಲ. ಆದ್ದರಿಂದ ಎರಡು ಸಾವಿರದ ಬೆಲೆ ಎರಡು ಸಾವಿರಕ್ಕಿಂತ ಸ್ವಲ್ಪ ಹೆಚ್ಚೇ ಆಯಿತು. ಆಮೇಲೆ ಕಂತುಗಳು ತಡವಾಗತೊಡಗಿದವು. ಎರಡು ಮೂರು ತಿಂಗಳು ಏನೂ ಇಲ್ಲದೆ ಒಮ್ಮೆಲೇ ನಾಲ್ಕು ಸಾವಿರವೋ ಆರು ಸಾವಿರವೋ ಬಿದ್ದಾಗ ಅದು ಉದ್ರಿಗೆ ಹೋಗಲಿಲ್ಲ. ಒಬ್ಬಾಕೆ ಕುರಿಮರಿ ಕೊಂಡಳು, ಒಬ್ಬಾಕೆ ಹೊಲಿಗೆ ಯಂತ್ರಕ್ಕೆ ಮುಂಗಡ ಕೊಟ್ಟಳು, ಇಬ್ಬರು ಮೂವರು ಒತ್ತೆಯಿಟ್ಟಿದ್ದ ಕಿವಿಯೋಲೆ ಬಿಡಿಸಿಕೊಂಡರು. ತಿಂಗಳು ತಿಂಗಳು ಬಂದದ್ದು ಹೊಟ್ಟೆಗೆ ಹೋಗುತ್ತದೆ, ಕೂಡಿ ಬಂದದ್ದು ವಸ್ತುವಾಗುತ್ತದೆ. ಎರಡೂ ಒಳ್ಳೆಯದೇ ಎನ್ನಬಹುದು. ಆದರೆ ವಸ್ತುವಾದ ಆ ತಿಂಗಳಿಗಿಂತ ಹಿಂದಿನ ಎರಡು ತಿಂಗಳು ಅದೇ ಮನೆಯವರು ಕೈಗಡಕ್ಕೆ ನೂರಕ್ಕೆ ಮೂರರಿಂದ ಐದರ ಬಡ್ಡಿ ಕೊಟ್ಟಿರುತ್ತಾರೆ ಎಂಬುದು ಕುರಿಯನ್ನು ಮಾತ್ರ ನೋಡಿದವರಿಗೆ ಕಾಣುವುದಿಲ್ಲ.

ಇನ್ನೊಂದು ಸಂಗತಿಯನ್ನು ಪತ್ರಿಕೆಗಳಲ್ಲಿ ನಾನು ಹೆಚ್ಚು ಓದಿಲ್ಲ. ಈ ಹಣ ಬರುತ್ತದೆಂದು ಗೊತ್ತಾದ ಮೇಲೆ ಕಿರುಸಾಲ ಕೊಡುವ ಕಂಪನಿಗಳ ಹುಡುಗರು ನಮ್ಮ ಓಣಿಗೆ ಬರುವುದು ಹೆಚ್ಚಾಯಿತು. ಸಾಲ ಕೊಡುವವನು ಮೊದಲು ಕೇಳುವುದೇ ತಿಂಗಳಿಗೆ ಖಾತ್ರಿಯಾಗಿ ಬರುವುದು ಎಷ್ಟು ಎಂದು. ಎರಡು ಸಾವಿರ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿತ್ತು, ಆ ಎರಡು ಸಾವಿರಕ್ಕೆ ಹೊಂದುವ ಕಂತಿನ ಸಾಲವೂ ಅವನ ಚೀಲದಲ್ಲಿ ಸಿದ್ಧವಾಗಿತ್ತು. ವಾರದ ಕಂತಿಗೆ ತಪ್ಪುವಂತಿಲ್ಲ, ಸರ್ಕಾರದ ಕಂತು ಮಾತ್ರ ತಪ್ಪುತ್ತದೆ. ವಸೂಲಿಯ ಕಿರುಕುಳ ರಾಜ್ಯದಲ್ಲೆಲ್ಲ ಸುದ್ದಿಯಾಗಿ, 2025ರ ಫೆಬ್ರವರಿಯಲ್ಲಿ ಅದನ್ನು ತಡೆಯುವ ಸುಗ್ರೀವಾಜ್ಞೆ ಬಂದದ್ದು ನಿಮಗೆ ನೆನಪಿರಬಹುದು. ಗೃಹಲಕ್ಷ್ಮಿಯೇ ಆ ಸಾಲಗಳಿಗೆ ಕಾರಣವೆಂದು ನಾನು ಹೇಳುತ್ತಿಲ್ಲ. ಆ ಸಾಲಗಳು ಅದಕ್ಕಿಂತ ಬಹಳ ಹಿಂದಿನಿಂದಲೂ ಇದ್ದವು. ಬರುವ ಹಣ ಇಂಥ ದಿನ ಬರುತ್ತದೆಂಬ ಭರವಸೆಯ ಮೇಲೆ ಮಾಡಿದ ಸಾಲ, ಆ ದಿನ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ನಮ್ಮ ಪುಸ್ತಕದಲ್ಲಿ ಆರೇಳು ಹೆಸರಿನ ಮುಂದೆ ಕಂಡಿದ್ದೇನೆ, ಅಷ್ಟೇ.

ಕುಡಿತದ ಬಗ್ಗೆ ಒಂದು ಮಾತು. ಕುಡಿಯುವ ಗಂಡ ಮೊದಲೂ ಕುಡಿಯುತ್ತಿದ್ದ, ಈಗಲೂ ಕುಡಿಯುತ್ತಾನೆ. ಎರಡು ಮನೆಗಳಲ್ಲಿ ಹಣ ಬಂದ ಸಂದೇಶ ಮೊದಲು ಹೋಗುವುದೇ ಗಂಡನ ಮೊಬೈಲಿಗೆ, ಅಲ್ಲಿ ಜಗಳವಾದದ್ದೂ ನಿಜ. ಉಳಿದ ಮನೆಗಳಲ್ಲಿ ಹೆಂಗಸರು ಬಳಸುವ ಉಪಾಯ ಸರಳ: ಇನ್ನೂ ಬಂದಿಲ್ಲ ಎನ್ನುವುದು. ಕಂತು ತಡವಾಗುವುದರಿಂದ ಆದ ಒಂದೇ ಉಪಕಾರವೆಂದರೆ ಈ ಸುಳ್ಳನ್ನು ಯಾರೂ ಅನುಮಾನಿಸದಿರುವುದು.

ಉತ್ತರ: ನಿವೃತ್ತ ಬ್ಯಾಂಕ್ ನೌಕರ, ಚಿತ್ರದುರ್ಗ

ಮೇಲಿನ ಬರಹಕ್ಕೆ ನಾನು ಸೇರಿಸುವುದು ಕೊಳವೆಯ ಸಂಗತಿ. ನೀರು ಬಿಟ್ಟದ್ದಕ್ಕೂ ನಲ್ಲಿಯಲ್ಲಿ ಬಂದದ್ದಕ್ಕೂ ನಡುವೆ ಎಷ್ಟು ತಿರುವುಗಳಿವೆ ಎಂದು ತಿಳಿಯದೆ ಈ ಯೋಜನೆಗಳ ಪರಿಣಾಮವನ್ನು ಅಳೆಯಲಾಗದು.

ನೇರ ವರ್ಗಾವಣೆ ಎಂದಾಗ ಹಣ ಖಾತೆಯ ಸಂಖ್ಯೆಯನ್ನು ಹುಡುಕಿಕೊಂಡು ಬರುತ್ತದೆ ಎಂದು ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಆಧಾರ್ ಸಂಖ್ಯೆಯನ್ನು ಹುಡುಕಿಕೊಂಡು ಬರುತ್ತದೆ. ಆ ಆಧಾರ್ ಯಾವ ಬ್ಯಾಂಕಿಗೆ ಕೊನೆಯದಾಗಿ ಜೋಡಣೆಯಾಗಿದೆ ಎಂದು ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿದೆಯೋ ಆ ಬ್ಯಾಂಕಿಗೆ ಹೋಗುತ್ತದೆ. ನಮ್ಮ ಶಾಖೆಗೆ ಪಾಸ್‌ಬುಕ್ ಹಿಡಿದುಕೊಂಡು ಬಂದು ಮೂರು ತಿಂಗಳಿಂದ ಏನೂ ಬಂದಿಲ್ಲವೆಂದು ಅತ್ತ ಹೆಣ್ಣುಮಗಳೊಬ್ಬಳ ಹಣ, ಆಕೆ ಹಿಂದೊಮ್ಮೆ ಸಾಲಕ್ಕಾಗಿ ಬೇರೆಡೆ ತೆರೆದು ಮರೆತೇಹೋಗಿದ್ದ ಖಾತೆಯಲ್ಲಿ ತಣ್ಣಗೆ ಕುಳಿತಿತ್ತು. ಪಡಿತರ ಚೀಟಿಯಲ್ಲಿ ಹೆಸರಿನ ಒಂದು ಅಕ್ಷರ, ಆಧಾರ್‌ನಲ್ಲಿ ಇನ್ನೊಂದು ಅಕ್ಷರ ಇದ್ದರೆ ಕಥೆ ಬೇರೆ. ಓದು ಬಾರದವರಿಗೆ ಇವು ಹಣೆಬರಹದಂತೆ ತೋರುತ್ತವೆ. ಓದಿದವರು ಅರ್ಧ ಗಂಟೆಯಲ್ಲಿ ಸರಿಪಡಿಸಿಕೊಳ್ಳುತ್ತಾರೆ. ಅತ್ಯಂತ ಬಡವರಿಗೇ ಅತ್ಯಂತ ತಡವಾಗಿ ತಲುಪುವುದು ಹೀಗೆ, ಯಾರ ದುರುದ್ದೇಶವೂ ಇಲ್ಲದೆ.

ಬಂದ ಮೇಲೂ ಕೈಗೆ ಬರಬೇಕಲ್ಲ. ಶಾಖೆ ಹದಿನೈದು ಕಿಲೋಮೀಟರ್ ದೂರವಿದ್ದರೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಊರಲ್ಲೇ ಹೆಬ್ಬೆಟ್ಟು ಒತ್ತಿಸಿಕೊಂಡು ನಗದು ಕೊಡುವ ಬ್ಯಾಂಕ್ ಮಿತ್ರರು ಇದನ್ನು ಬಹಳ ಹಗುರ ಮಾಡಿದ್ದಾರೆ, ಆದರೆ ಕಳೆ ಕಿತ್ತು, ಪಾತ್ರೆ ತಿಕ್ಕಿ, ಇಟ್ಟಿಗೆ ಹೊತ್ತು ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪುವುದಿಲ್ಲ; ಒಪ್ಪಿದಾಗಲೂ ಕೆಲವರು ಇಪ್ಪತ್ತೋ ಐವತ್ತೋ ಮುರಿದುಕೊಂಡೇ ಕೊಡುತ್ತಾರೆ. ಈ ದೃಷ್ಟಿಯಿಂದ ಉಚಿತ ಬಸ್ಸನ್ನು ಗೃಹಲಕ್ಷ್ಮಿಯಿಂದ ಬೇರ್ಪಡಿಸಿ ನೋಡಬೇಕೆಂಬ ನಿಮ್ಮ ಹಂಬಲ ಅಷ್ಟು ಸರಿಯೆಂದು ನನಗೆ ತೋರುವುದಿಲ್ಲ, ಏಕೆಂದರೆ ಹಣ ತೆಗೆಯಲು ತಾಲ್ಲೂಕು ಕೇಂದ್ರಕ್ಕೆ ಹೋಗಿಬರುವ ಖರ್ಚು ಇಲ್ಲವಾದದ್ದರಿಂದಲೇ ಎಷ್ಟೋ ಹೆಂಗಸರು ತಾವೇ ಬ್ಯಾಂಕಿಗೆ ಬಂದರು. ಮೊದಲಾಗಿದ್ದರೆ ಮಗನನ್ನೋ ಗಂಡನನ್ನೋ ಕಾರ್ಡು ಕೊಟ್ಟು ಕಳಿಸುತ್ತಿದ್ದರು.

ನಮ್ಮವರ ತಪ್ಪನ್ನೂ ಹೇಳಬೇಕು. ಹಳೆಯ ಬೆಳೆಸಾಲ ಬಾಕಿಯಿದೆಯೆಂದು ಈ ಹಣವನ್ನು ಸಾಲಕ್ಕೆ ಜಮಾ ಮಾಡಿಕೊಂಡ ಶಾಖೆಗಳಿದ್ದವು, ಮಾಡಿಕೊಳ್ಳಬಾರದೆಂದು ಸರ್ಕಾರ ಬ್ಯಾಂಕುಗಳಿಗೆ ತಾಕೀತು ಮಾಡಬೇಕಾಯಿತು. ನಾನು ಕೆಲಸ ಮಾಡುತ್ತಿದ್ದಾಗ ವೃದ್ಧಾಪ್ಯ ವೇತನಕ್ಕೂ ಇದೇ ಗತಿಯಾದದ್ದನ್ನು ಕಂಡಿದ್ದೇನೆ. ಕಂಪ್ಯೂಟರಿಗೆ ಯಾವ ರೂಪಾಯಿ ಅನ್ನಕ್ಕೆ ಬಂದದ್ದು, ಯಾವುದು ಮಾರಾಟದ್ದು ಎಂದು ತಿಳಿಯುವುದಿಲ್ಲ. ಕುರ್ಚಿಯಲ್ಲಿ ಕೂತವರಿಗಾದರೂ ತಿಳಿಯಬೇಕು.

ಉತ್ತರ: ಮೂರೆಕರೆ ರೈತ, ಶಿರಾ ತಾಲ್ಲೂಕು

ಗ್ರಂಥಾಲಯದಲ್ಲಿ ಆಳು ಸಿಗುತ್ತಿಲ್ಲ ಎಂದು ಜಗಳವಾಡುವ ಆ ಮನುಷ್ಯನ ಪರವಾಗಿ ನಾನು ಬರೆಯುತ್ತಿದ್ದೇನೆ, ಏಕೆಂದರೆ ಆತ ಹೇಳುವುದರಲ್ಲಿ ಅರ್ಧ ನಿಜವಿದೆ ಮತ್ತು ಆ ಅರ್ಧವನ್ನು ಯಾರೂ ಸರಿಯಾಗಿ ಕೇಳಿಸಿಕೊಳ್ಳುತ್ತಿಲ್ಲ.

ನನಗೆ ಮೂರೆಕರೆ ಒಣಭೂಮಿ, ಕಡಲೆಕಾಯಿ ಮತ್ತು ರಾಗಿ. ಕಡಲೆಕಾಯಿಗೆ ಕಳೆ ತೆಗೆಯುವ ಹತ್ತು ದಿನ ಮತ್ತು ಕಿತ್ತು ಬಿಡಿಸುವ ಹದಿನೈದು ದಿನ ಆಳು ಬೇಕೇ ಬೇಕು. ಈಗ ಕರೆದ ಕೂಡಲೇ ಬರುವುದಿಲ್ಲ, ಬಂದರೆ ಹೆಚ್ಚು ಕೇಳುತ್ತಾರೆ ಎಂಬುದು ನನ್ನ ಅನುಭವವೂ ಹೌದು. ಆದರೆ ಅವರು ಸೋಮಾರಿಗಳಾದರು ಎಂಬುದನ್ನು ನಾನು ಒಪ್ಪುವುದಿಲ್ಲ. 2024–25ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿಯ ದಿನಗೂಲಿ ₹349 ಇತ್ತು. ಎರಡು ಸಾವಿರವೆಂದರೆ ಆರು ದಿನದ ಕೂಲಿಯೂ ಆಗಲಿಲ್ಲ. ಆರು ದಿನದ ಕೂಲಿಗೆ ಯಾರು ತಿಂಗಳಿಡೀ ಮನೆಯಲ್ಲಿ ಕೂರುತ್ತಾರೆ?

ಬದಲಾದದ್ದು ಮುಂಗಡದ ಪದ್ಧತಿ. ಬೇಸಿಗೆಯಲ್ಲಿ ಮನೆಯಲ್ಲಿ ಕಾಳು ಮುಗಿದಾಗ, ಮಗುವಿಗೆ ಜ್ವರ ಬಂದಾಗ, ನಮ್ಮಂಥವರ ಮನೆಗೆ ಬಂದು ಐನೂರೋ ಸಾವಿರವೋ ಪಡೆದು, ಮಳೆಗಾಲದಲ್ಲಿ ನಾವು ಹೇಳಿದ ದಿನ, ನಾವು ಹೇಳಿದ ಕೂಲಿಗೆ ಬಂದು ತೀರಿಸುವುದು ನಮ್ಮ ಕಡೆ ತಲೆತಲಾಂತರದಿಂದ ಇದ್ದ ಒಪ್ಪಂದ. ಇದನ್ನು ನಾವು ಉಪಕಾರವೆಂದೇ ತಿಳಿದಿದ್ದೆವು. ಈಗ ಬೇಸಿಗೆಯಲ್ಲಿ ಬಾಗಿಲಿಗೆ ಬರುವವರು ಕಡಿಮೆಯಾಗಿದ್ದಾರೆ. ಬಾರದವರ ಮೇಲೆ ಮಳೆಗಾಲದಲ್ಲಿ ನನಗೆ ಹಕ್ಕಿಲ್ಲ. ಅವರು ಬರುವುದನ್ನು ಬಿಟ್ಟಿಲ್ಲ, ಯಾರ ಹೊಲಕ್ಕೆ ಮೊದಲು ಹೋಗಬೇಕೆಂದು ತಾವೇ ನಿರ್ಧರಿಸುತ್ತಿದ್ದಾರೆ. ನನ್ನ ಜೇಬಿಗೆ ಇದು ನಷ್ಟ, ಅದನ್ನು ಮುಚ್ಚಿಡುವುದಿಲ್ಲ. ನಷ್ಟವಾದದ್ದು ಅನ್ಯಾಯವೇ ಎಂದು ಕೇಳಿದರೆ ಉತ್ತರ ಹೇಳಲು ನಾಲಿಗೆ ತಡೆಯುತ್ತದೆ.

ಇನ್ನೊಂದು ಕಡೆ ನಮ್ಮಂಥವರಿಗೂ ನಗದು ಬರುತ್ತದೆ ಎಂಬುದನ್ನು ಈ ಜಗಳದಲ್ಲಿ ಎಲ್ಲರೂ ಮರೆಯುತ್ತಾರೆ. ಪಿಎಂ ಕಿಸಾನ್ ಎಂದು ವರ್ಷಕ್ಕೆ ₹6,000 ಮೂರು ಕಂತಿನಲ್ಲಿ 2019ರಿಂದ ಬರುತ್ತಿದೆ. ಅದರ ಮೇಲೆ ರಾಜ್ಯದಿಂದ ಇನ್ನೂ ₹4,000 ಬರುತ್ತಿತ್ತು, 2023ರಲ್ಲಿ ಅದು ನಿಂತಿತು. ಇದು ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ನನ್ನ ಪಕ್ಕದ ಎರಡು ಎಕರೆಯನ್ನು ಕೋರು, ಅಂದರೆ ಬೆಳೆಯ ಪಾಲಿಗೆ, ಮಾಡುವವನಿಗೆ ಇಲ್ಲ. ಬೆಂಗಳೂರಿನಲ್ಲಿರುವ ಅದರ ಒಡೆಯನಿಗಿದೆ. ಬೆಳೆ ಹಾಳಾದ ವರ್ಷವೂ ಬೀಜ ಗೊಬ್ಬರಕ್ಕೆ ಸಾಲ ಮಾಡಿದವನು ಆ ಕೋರಿನವನೇ. ತೆಲಂಗಾಣದಲ್ಲಿ 2018ರಲ್ಲಿ ರೈತಬಂಧು ಎಂದು ಎಕರೆಗೆ ಹಂಗಾಮಿಗೆ ₹4,000 ಕೊಡತೊಡಗಿದಾಗಲೂ ಗೇಣಿದಾರರು ಹೊರಗುಳಿದದ್ದೇ ದೊಡ್ಡ ದೂರಾಗಿತ್ತು. ನಮ್ಮ ಕಟ್ಟೆಯ ಮೇಲೆ ಯಾರೂ ಪಿಎಂ ಕಿಸಾನ್ ಬಂದ ಮೇಲೆ ರೈತರು ಉಳುವುದನ್ನು ಬಿಟ್ಟರು ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಹೆಣ್ಣಾಳಿನ ವಿಷಯಕ್ಕೆ ಮಾತ್ರ ಆ ಮಾತು ಏಕೆ ಬರುತ್ತದೆ?

ಉತ್ತರ: ಅರ್ಥಶಾಸ್ತ್ರದ ಮೇಷ್ಟ್ರು, ಧಾರವಾಡ

ಮೇಲಿನ ಮೂವರೂ ಕಣ್ಣಾರೆ ಕಂಡು ಬರೆದದ್ದನ್ನು ಬೇರೆ ಬೇರೆ ದೇಶಗಳಲ್ಲಿ ಅಳೆದು ನೋಡಿದವರಿದ್ದಾರೆ, ಮತ್ತು ಅಚ್ಚರಿಯೆಂಬಂತೆ ಬಹುಪಾಲು ತಾಳೆಯಾಗುತ್ತದೆ.

ಹಾನಗಲ್ಲಿನ ಸಹೋದರಿ ಬರೆದ, ತಿಂಗಳು ತಿಂಗಳು ಬಂದದ್ದು ಹೊಟ್ಟೆಗೆ, ಕೂಡಿ ಬಂದದ್ದು ವಸ್ತುವಿಗೆ ಎಂಬ ಮಾತನ್ನೇ ತೆಗೆದುಕೊಳ್ಳಿ. ಪಶ್ಚಿಮ ಕೆನ್ಯಾದಲ್ಲಿ ಗಿವ್‌ಡೈರೆಕ್ಟ್ಲಿ ಸಂಸ್ಥೆ ಬಡ ಕುಟುಂಬಗಳಿಗೆ ಷರತ್ತಿಲ್ಲದೆ ಹಣ ಕೊಟ್ಟಾಗ, ಯಾರಿಗೆ ತಿಂಗಳ ಕಂತು ಮತ್ತು ಯಾರಿಗೆ ಒಮ್ಮೆಲೇ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಯೋಹಾನೆಸ್ ಹೌಶೋಫರ್ ಮತ್ತು ಜೆರೆಮಿ ಶಪಿರೊ 2016ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ತಿಂಗಳ ಕಂತು ಪಡೆದವರಲ್ಲಿ ಆಹಾರದ ಭದ್ರತೆ ಹೆಚ್ಚು ಸುಧಾರಿಸಿತು; ಒಮ್ಮೆಲೇ ಪಡೆದವರು ಬಾಳಿಕೆ ಬರುವ ವಸ್ತುಗಳ ಮೇಲೆ ಹೆಚ್ಚು ಹಾಕಿದರು. ವ್ಯತ್ಯಾಸವೇನೆಂದರೆ ಅಲ್ಲಿ ಇದು ಮೊದಲೇ ತಿಳಿಸಿ ಮಾಡಿದ ಏರ್ಪಾಡು; ನಮ್ಮಲ್ಲಿ ಖಜಾನೆಯ ಅನುಕೂಲಕ್ಕೆ ತಕ್ಕಂತೆ ಆಗುವ ಏರ್ಪಾಡು. ಯಾವಾಗ ಬರುತ್ತದೆಂದು ತಿಳಿಯದ ಹಣವನ್ನು ಮನೆಯವರು ಆದಾಯವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಲಾಟರಿಯೆಂದು ಹಿಡಿಯುತ್ತಾರೆ. ನನ್ನ ದೃಷ್ಟಿಯಲ್ಲಿ ಮೊತ್ತವನ್ನು ಎರಡು ಸಾವಿರದಿಂದ ಮೂರಕ್ಕೆ ಏರಿಸುವುದಕ್ಕಿಂತ ಪ್ರತಿ ತಿಂಗಳು ನಿಗದಿಯಾದ ತಾರೀಖಿನಂದು ತಪ್ಪದೆ ಎರಡು ಸಾವಿರ ಹಾಕುವುದು ಹೆಚ್ಚಿನ ಕೊಡುಗೆ.

ಶಿರಾದ ರೈತರ ಅನುಭವಕ್ಕೆ ಅತ್ಯಂತ ಹತ್ತಿರದ್ದು ಮಧ್ಯಪ್ರದೇಶದ ಪ್ರಯೋಗ. 2011–12ರಲ್ಲಿ ಸ್ವಯಂ ಉದ್ಯೋಗಿ ಮಹಿಳೆಯರ ‘ಸೇವಾ’ ಸಂಘಟನೆ ಯುನಿಸೆಫ್ ನೆರವಿನಿಂದ ಇಂದೋರ್ ಜಿಲ್ಲೆಯ ಎಂಟು ಹಳ್ಳಿಗಳ ಎಲ್ಲರಿಗೂ, ಬಡವ ಬಲ್ಲಿದ ಎಂದು ನೋಡದೆ, ವಯಸ್ಕರಿಗೆ ತಿಂಗಳಿಗೆ ₹200 ಮತ್ತು ಮಕ್ಕಳ ಲೆಕ್ಕದಲ್ಲಿ ₹100 ಕೊಟ್ಟಿತು. ವರ್ಷದ ನಂತರ ಅದು ₹300 ಮತ್ತು ₹150 ಆಯಿತು. ಹಣ ಕೊಡದ ಹಳ್ಳಿಗಳನ್ನು ಹೋಲಿಕೆಗೆ ಇಟ್ಟುಕೊಂಡಿದ್ದರು. ಗೈ ಸ್ಟ್ಯಾಂಡಿಂಗ್, ರೆನಾನಾ ಝಾಬ್ವಾಲಾ, ಶರತ್ ದಾವಲ ಮೊದಲಾದವರು ದಾಖಲಿಸಿದಂತೆ, ಜನ ಕೆಲಸ ಬಿಡಲಿಲ್ಲ. ಕೂಲಿಯಿಂದ ಸ್ವಂತ ಹೊಲ ಮತ್ತು ಸ್ವಂತ ಕಸುಬಿನ ಕಡೆಗೆ ವಾಲಿದರು, ದನಕರು ಹೆಚ್ಚಿದವು, ಸಾಲಕ್ಕೆ ದುಡಿಯುವ ಕಟ್ಟು ಸಡಿಲವಾಯಿತು. ಸಾಲ ಕೊಟ್ಟು ಆಳು ಪಡೆಯುತ್ತಿದ್ದವರಿಗೆ ಆಳಿನ ಕೊರತೆ ಕಂಡರೆ ಅದು ಕಲ್ಪನೆಯಲ್ಲ.

ಮಧ್ಯಪ್ರದೇಶದಲ್ಲೇ ಇನ್ನೊಂದು ಅಧ್ಯಯನ ನಡೆಯಿತು. ರೋಹಿಣಿ ಪಾಂಡೆ, ಎರಿಕಾ ಫೀಲ್ಡ್ ಮತ್ತು ಸಂಗಡಿಗರು ಉದ್ಯೋಗ ಖಾತರಿಯ ಕೂಲಿ ಗಂಡನ ಖಾತೆಗೆ ಹೋಗುವ ಬದಲು ಹೆಂಗಸಿನದೇ ಖಾತೆಗೆ ಬರುವಂತೆ ಮಾಡಿ, ಆ ಖಾತೆ ಬಳಸುವುದನ್ನೂ ಕಲಿಸಿದಾಗ, ಆ ಹೆಂಗಸರು ದುಡಿಮೆಗೆ ಹೋಗುವುದು ಹೆಚ್ಚಾಯಿತು. ಅದು ಅವರ ಕೂಲಿ, ಗೃಹಲಕ್ಷ್ಮಿ ಕೂಲಿಯಲ್ಲ. ಹಾಗಾಗಿ ಇದನ್ನು ನೇರವಾಗಿ ಹೊಂದಿಸಬಾರದು. ಆದರೂ ಖಾತೆ ಯಾರ ಹೆಸರಿನಲ್ಲಿದೆ ಎಂಬುದರ ಜೊತೆಗೆ ಅದನ್ನು ಬಳಸಲು ಯಾರಿಗೆ ಬರುತ್ತದೆ ಎಂಬ ಚಿತ್ರದುರ್ಗದ ಹಿರಿಯರ ಪ್ರಶ್ನೆ ಎಷ್ಟು ತೂಕದ್ದೆಂದು ಇದರಿಂದ ತಿಳಿಯುತ್ತದೆ.

ಕುಡಿತದ ಬಗ್ಗೆ: ಲ್ಯಾಟಿನ್ ಅಮೆರಿಕ, ಆಫ್ರಿಕ ಮತ್ತು ಏಷ್ಯಾದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಡೇವಿಡ್ ಎವಾನ್ಸ್ ಮತ್ತು ಅನ್ನಾ ಪೊಪೊವಾ ಅವರಿಗೆ ನಗದು ವರ್ಗಾವಣೆಯಿಂದ ಮದ್ಯ ತಂಬಾಕಿನ ಖರ್ಚು ಹೆಚ್ಚಿದ ಪುರಾವೆ ಸಿಗಲಿಲ್ಲ. ನಮ್ಮ ರಾಜ್ಯದ ವಿಶೇಷವೊಂದಿದೆ, ಅಷ್ಟು ಹೇಳಿ ಮುಂದೆ ಹೋಗುತ್ತೇನೆ: ಗೃಹಲಕ್ಷ್ಮಿಗೆ ಹಣ ಇಟ್ಟ 2023ರ ಜುಲೈ ಬಜೆಟ್ಟಿನಲ್ಲೇ ಮದ್ಯದ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 20ರಷ್ಟು ಏರಿಸಲಾಯಿತು. ಗಂಡ ಅಷ್ಟೇ ಕುಡಿದರೂ ಮನೆಯಿಂದ ಹೋಗುವ ಹಣ ಹೆಚ್ಚಾಯಿತು.

ಬೆಲೆಯ ವಿಷಯದಲ್ಲಿ ಉತ್ತರ ಊರಿನಿಂದ ಊರಿಗೆ ಬೇರೆ. ಕೆನ್ಯಾದ ಸಿಯಾಯಾ ಪ್ರಾಂತ್ಯದ 653 ಹಳ್ಳಿಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಸುಮಾರು ಸಾವಿರ ಡಾಲರ್‌ನಂತೆ ಕೊಟ್ಟಾಗ, ಅಂದರೆ ಸ್ಥಳೀಯ ಆರ್ಥಿಕತೆಗೆ ಹೋಲಿಸಿದರೆ ದೊಡ್ಡ ಪ್ರವಾಹವನ್ನೇ ಬಿಟ್ಟಾಗಲೂ, ಬೆಲೆ ಏರಿದ್ದು ಸರಾಸರಿ ಶೇ. 0.1ರಷ್ಟು ಮಾತ್ರ, ಹಣ ಪಡೆಯದ ನೆರೆಯವರ ಅಂಗಡಿಗಳಿಗೂ ವ್ಯಾಪಾರ ಕುದುರಿತು. ಆದರೆ ಮೆಕ್ಸಿಕೊದಲ್ಲಿ ಆಹಾರದ ಪೊಟ್ಟಣ ಕೊಟ್ಟ ಹಳ್ಳಿಗಳನ್ನು ನಗದು ಕೊಟ್ಟ ಹಳ್ಳಿಗಳೊಂದಿಗೆ ಹೋಲಿಸಿದಾಗ, ದಾರಿ ದೂರವಾದ, ಅಂಗಡಿಗಳು ಕಡಿಮೆಯಿರುವ ಊರುಗಳಲ್ಲಿ ಈ ಎರಡರ ನಡುವಿನ ಬೆಲೆಯ ಅಂತರ ಎದ್ದು ಕಂಡಿತು. ಯಲಬುರ್ಗಾದ ಸಂತೆಗೆ ಹತ್ತಾರು ಊರಿನಿಂದ ಮಾಲು ಬರುತ್ತದೆ. ಅಲ್ಲಿ ಬೆಲೆ ಏರಿದ್ದಕ್ಕೆ 2023ರ ಬರವನ್ನು ಬಿಟ್ಟು ಗೃಹಲಕ್ಷ್ಮಿಯನ್ನು ದೂರುವುದು ನನಗಂತೂ ಒಪ್ಪಿಗೆಯಾಗದು.

ಅಕ್ಕಿಯೋ ನಗದೋ ಎಂಬುದನ್ನು ನೀವು ಕೇಳಿಲ್ಲ, ಆದರೆ ನಮ್ಮ ರಾಜ್ಯ ಅದನ್ನು ಅರಿಯದೆಯೇ ಪ್ರಯೋಗ ಮಾಡಿ ನೋಡಿತು. ಕೆ.ಜಿ.ಗೆ ₹34ರಂತೆ ಐವರ ಕುಟುಂಬಕ್ಕೆ ₹850 ಬರುತ್ತಿತ್ತು. ಅದು ಆಹಾರ ನಿಗಮದ ದರ, ಅಂಗಡಿಯ ದರವಲ್ಲ. ಅಂಗಡಿಯಲ್ಲಿ ಅಕ್ಕಿ ₹50 ಇದ್ದರೆ 25 ಕೆ.ಜಿ. ಸಿಗಬೇಕಾದಲ್ಲಿ 17 ಕೆ.ಜಿ. ಸಿಗುತ್ತದೆ, ಉಳಿದ ಎಂಟು ಕೆ.ಜಿ. ಯಾರ ಗಮನಕ್ಕೂ ಬಾರದೆ ಕಡಿತವಾದ ಪಡಿತರ. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯನ್ನೇ ಕೊಡಲಾಯಿತು. ಇದಕ್ಕಿಂತ ಕೆಟ್ಟದ್ದು ಜಾರ್ಖಂಡ್‌ನ ರಾಂಚಿ ಜಿಲ್ಲೆಯ ನಗಡಿಯಲ್ಲಿ ನಡೆಯಿತು. 2017ರ ಅಕ್ಟೋಬರಿನಿಂದ ಅಲ್ಲಿ ಒಂದು ರೂಪಾಯಿಯ ಅಕ್ಕಿಯ ಬದಲು ಕೆ.ಜಿ.ಗೆ ₹31.60ರಂತೆ ಖಾತೆಗೆ ಹಾಕಿ, ಜನ ಅದನ್ನು ಬ್ಯಾಂಕಿನಿಂದ ತೆಗೆದು ಅದೇ ಪಡಿತರ ಅಂಗಡಿಗೆ ಹೋಗಿ ₹32 ಕೊಟ್ಟು ಅದೇ ಅಕ್ಕಿ ತರಬೇಕೆಂದು ಮಾಡಿದರು. ಜನ ನಗಡಿಯಿಂದ ರಾಂಚಿಗೆ ಮೆರವಣಿಗೆ ಹೊರಟರು. 2018ರ ಆಗಸ್ಟಿನಲ್ಲಿ ಅದು ರದ್ದಾಯಿತು. ನಗದು ಒಳ್ಳೆಯದೆಂದು ವಾದಿಸುವ ನಾನೇ ಇದನ್ನು ಮಕ್ಕಳಿಗೆ ಪಾಠದಲ್ಲಿ ಹೇಳುತ್ತೇನೆ: ಇದ್ದದ್ದರ ಮೇಲೆ ಸೇರಿಸಿದ ನಗದು ಬೇರೆ, ಇದ್ದದ್ದನ್ನು ಕಿತ್ತುಕೊಂಡು ಕೊಟ್ಟ ನಗದು ಬೇರೆ.

ಪ್ರಶ್ನೆ ಕೇಳಿದವರು: ಪಂಚಾಯಿತಿ ಗ್ರಂಥಪಾಲಕಿ

ಎಲ್ಲರಿಗೂ ಕೃತಜ್ಞತೆಗಳು. ಮುಂಗಡದ ವಿಷಯವನ್ನು ಇಂದು ಬೆಳಿಗ್ಗೆ ಓದಿ ಹೇಳಿದೆ. ಆಳಿನ ಬಗ್ಗೆ ದಿನವೂ ಮಾತನಾಡುವವರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು, ಜಗಳ ಮಾತ್ರ ಆಗಲಿಲ್ಲ. ನನಗೊಂದು ಸಣ್ಣ ಅನುಮಾನ ಉಳಿದಿದೆ. ಆಹಾರ ಭದ್ರತಾ ಕಾಯ್ದೆ 2013ರಲ್ಲಿ ಬಂದಾಗ ಪಡಿತರ ಚೀಟಿಗೆ ಮನೆಯ ಹದಿನೆಂಟು ದಾಟಿದ ಹಿರಿಯ ಹೆಣ್ಣೇ ಯಜಮಾನಿ ಎಂದಾಯಿತು, ಹಾಗಾಗಿ ಕೂಡುಕುಟುಂಬದಲ್ಲಿ ಹಣ ಬರುವುದು ಅತ್ತೆಗೆ. ಸೊಸೆಯಂದಿರಿಗೆ, ಚಿಕ್ಕ ಮಕ್ಕಳಿಗೆ ಇದರಿಂದ ಏನು ಸಿಗುತ್ತದೆ? ನಮ್ಮ ಪಂಚಾಯಿತಿಯ ನಲವತ್ತು ಮನೆಗಳಲ್ಲಿ ನಾನೇ ಕೇಳಿ ಬರೆದಿಡಬೇಕೆಂದಿದ್ದೇನೆ. ಯಾವ ಪ್ರಶ್ನೆ ಕೇಳಬೇಕು?

ಉತ್ತರ: ಅರ್ಥಶಾಸ್ತ್ರದ ಮೇಷ್ಟ್ರು

ಅತ್ತೆಗೆ ಬಂದದ್ದು ಮಕ್ಕಳಿಗೆ ಮುಟ್ಟುವುದಿಲ್ಲವೆಂದು ಅವಸರದಿಂದ ತೀರ್ಮಾನಿಸಬೇಡಿ. ದಕ್ಷಿಣ ಆಫ್ರಿಕದ ವೃದ್ಧಾಪ್ಯ ವೇತನವನ್ನು ಅಧ್ಯಯನ ಮಾಡಿದ ಎಸ್ತರ್ ಡುಫ್ಲೊ, ವೇತನ ಅಜ್ಜಿಗೆ ಬಂದ ಮನೆಗಳಲ್ಲಿ ಮೊಮ್ಮಗಳ ಬೆಳವಣಿಗೆ ಸುಧಾರಿಸಿತೆಂದೂ, ಅಜ್ಜನಿಗೆ ಬಂದ ಮನೆಗಳಲ್ಲಿ ಹಾಗಾಗಲಿಲ್ಲವೆಂದೂ 2003ರಲ್ಲಿ ತೋರಿಸಿದರು. ನಮ್ಮ ಅತ್ತೆಯಂದಿರ ವಿಷಯದಲ್ಲಿ ಅದು ಹೇಗೋ, ನಿಮ್ಮ ನಲವತ್ತು ಮನೆಗಳೇ ಹೇಳಲಿ.

ಉತ್ತರ: ಸಂಘದ ಲೆಕ್ಕ ಬರೆಯುವವಳು

ನಮ್ಮಲ್ಲಿ ನಾಲ್ಕು ಮನೆಗಳಲ್ಲಿ ಸೊಸೆ ಬೇರೆ ಪಡಿತರ ಚೀಟಿಗೆ ಓಡಾಡಿದ್ದಾಳೆ. ಎರಡು ಮನೆಗಳಲ್ಲಿ ಅತ್ತೆಯೇ ಐನೂರು ತೆಗೆದು ಸೊಸೆಯ ಕೈಗಿಡುತ್ತಾಳೆ. ಲೆಕ್ಕಕ್ಕೆ ಸಿಗದ ಮನೆಗಳೇ ಹೆಚ್ಚು.

ಪ್ರಶ್ನೆಯ ವಿಷಯಕ್ಕೆ ಬಂದರೆ, ಹಣವನ್ನು ಏನು ಮಾಡಿದಿರಿ ಎಂದು ಮಾತ್ರ ಕೇಳಬೇಡಿ. ಎಲ್ಲರೂ ಮಕ್ಕಳ ಓದಿಗೆ ಹಾಕಿದೆವು ಎಂದೇ ಹೇಳುತ್ತಾರೆ, ಏಕೆಂದರೆ ಕೇಳುವವರಿಗೆ ಅದು ಇಷ್ಟವೆಂದು ಅವರಿಗೆ ಗೊತ್ತು. ಹಣ ಬಾರದ ತಿಂಗಳು ಏನು ಮಾಡಿದಿರಿ, ಯಾರ ಹತ್ತಿರ ಹೋದಿರಿ, ಯಾವುದನ್ನು ಬಿಟ್ಟಿರಿ ಎಂದು ಕೇಳಿ. ಕಿರಾಣಿ ಅಂಗಡಿಯವರು ಒಪ್ಪಿದರೆ ಉದ್ರಿ ಪುಸ್ತಕವನ್ನೂ ನೋಡಿ. ಮತ್ತೆ, ಬೆಳಿಗ್ಗೆ ಹೋಗಬೇಡಿ, ಕೈಯಲ್ಲಿ ಅರ್ಜಿ ನಮೂನೆಯಂಥದ್ದೇನೂ ಇರದಿರಲಿ; ಪಟ್ಟಿಯಿಂದ ಹೆಸರು ತೆಗೆಯಲು ಬಂದಿದ್ದೀರೆಂದು ತಿಳಿದು, ಹೊಸದಾಗಿ ಕೊಂಡ ಕುರಿಯನ್ನೂ ಹಿತ್ತಲಿಗೆ ಅಟ್ಟಿಬಿಡುತ್ತಾರೆ.